‘ನಮ್ಮವರ ಆಫೀಸು’ ಅಂತ ಬಾಯಿ ಮುಚ್ಚಿಕೊಂಡು ಸೇರಬೇಕಾ?

ಪರೀಕ್ಷೆ ಮುಗಿಯುತ್ತಾ ಬಂತು ಅಂದರೆ ಮುಂಬೈಯ ನಮ್ಮ ಕನ್ನಡಿಗರ ಸಂಘದ, ಬಿಲ್ಡಿಂಗಿನ, ಭಜನಾ ಮಂಡಳಿಯ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಒಂದೇ ಥರದ ಮೆಸೇಜು. “ಮಗಳು ಬಿ.ಕಾಂ. ಎರಡನೇ ವರ್ಷ. ನಮ್ಮವರ ಆಫೀಸಿನಲ್ಲಿ ಎಲ್ಲಾದರೂ ಇಂಟರ್ನ್‌ಶಿಪ್ ಇದ್ದರೆ ತಿಳಿಸಿ. ಸಂಬಳ ಕೊಡದಿದ್ದರೂ ಅಡ್ಡಿಯಿಲ್ಲ, ಕೆಲಸ ಕಲಿತರೆ ಸಾಕು.” ಆ ಕೊನೆಯ ಸಾಲು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಎದುರಿನವರು ಬಾಯಿ ಬಿಡುವ ಮೊದಲೇ ನಾವೇ ರೇಟು ಇಳಿಸಿ ಕೂತಿರುತ್ತೇವೆ.

ಈ ಊರಲ್ಲಿ ಪುಕ್ಕಟೆ ಕೆಲಸಕ್ಕೆ ಹೋಗುವುದಕ್ಕೂ ದುಡ್ಡು ಬೇಕು ಮಾರಾಯ್ರೇ. ಡೊಂಬಿವಲಿಯ ಹುಡುಗಿಗೆ ಅಂಧೇರಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಕಾಲೇಜಿನ ಕನ್ಸೆಷನ್ ಫಾರ್ಮಿನ ಮೇಲೆ ಸಿಗುವ ಲೋಕಲ್ ರೈಲಿನ ಪಾಸು ಮನೆಯಿಂದ ಕಾಲೇಜಿನ ಸ್ಟೇಷನ್ನಿಗೆ ಮಾತ್ರ. ಕಾಲೇಜು ಕಲ್ಯಾಣದಲ್ಲಿದ್ದರೆ ಅಂಧೇರಿಗೆ ಅದು ಉಪಯೋಗವಿಲ್ಲ, ಪೂರ್ತಿ ದುಡ್ಡು ತೆತ್ತು ಬೇರೆ ಪಾಸು ಮಾಡಿಸಬೇಕು. ದಾದರಿನ ಸೇತುವೆ ಮೇಲೆ ನುಗ್ಗಿ ಲೈನು ಬದಲಿಸುವುದು ಬೇಡ ಅಂತ ಘಾಟ್ಕೋಪರದಲ್ಲಿ ಮೆಟ್ರೋ ಹಿಡಿದರೆ ಅದರ ಟಿಕೆಟ್ ಬೇರೆ. ಇಳಿದ ಮೇಲೆ ಶೇರ್ ರಿಕ್ಷಾ. ಡಬ್ಬಿ ಮನೆಯದೇ ಆದರೂ ಇಷ್ಟೆಲ್ಲ ಹೋಗುವುದು ಅಪ್ಪನ ಜೇಬಿನಿಂದ. ಆಫೀಸಿನವರು ಬಿಡಿಗಾಸು ಬಿಚ್ಚುವುದಿಲ್ಲ.

ಇದನ್ನು ಹೇಳಿದರೆ ಹಿರಿಯರಿಗೆ ಸಿಟ್ಟು. “ನಾವು ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಓದಿದವರು. ಇವರಿಗೆ ಕಲಿಯುವಾಗಲೇ ದುಡ್ಡು ಬೇಕಂತೆ!” ಆ ರಾತ್ರಿಶಾಲೆಗಳ ಬಗ್ಗೆ ನನಗೂ ಗೌರವ ಇದೆ, ಅವು ಇಲ್ಲದಿದ್ದರೆ ಇವತ್ತು ನಮ್ಮಲ್ಲಿ ಇಷ್ಟು ಜನ ವಕೀಲರು, ಬ್ಯಾಂಕಿನವರು ಇರುತ್ತಿರಲಿಲ್ಲ. ಆದರೆ ಹೋಟೆಲಿನ ಧಣಿ ಎರಡು ಹೊತ್ತು ಊಟ ಹಾಕುತ್ತಿದ್ದರು, ಮಲಗಲು ಜಾಗ ಕೊಡುತ್ತಿದ್ದರು, ತಿಂಗಳಿಗೆ ಇಷ್ಟು ಅಂತ ಸಂಬಳವೂ ಇತ್ತು. ಕಡಿಮೆ ಇದ್ದಿರಬಹುದು, ಇತ್ತು. ಅಂದು ಕಪ್ಪು ತೊಳೆಯುವ ಹುಡುಗನಿಗೆ ಸಿಕ್ಕಿದ್ದು ಇಂದು ಎಕ್ಸೆಲ್ ಶೀಟು ತುಂಬುವ ಹುಡುಗಿಗೆ ಯಾಕೆ ಸಿಗಬಾರದು?

ನಾನು ಇರುವುದು ಲೆಕ್ಕಪತ್ರದ ಲೈನಿನಲ್ಲಿ. ನಮ್ಮಲ್ಲಿಗೆ ಬರುವ ಮಕ್ಕಳಿಗೆ ಯೂಟ್ಯೂಬ್ ನೋಡಿ ಬಣ್ಣಬಣ್ಣದ ರೆಸ್ಯೂಮೆ ಮಾಡುವುದು ಗೊತ್ತಿರುತ್ತದೆ, ಸೇರುವ ದಿನ ಯಾವುದು ಅಂತ ಕೇಳುವುದು ಗೊತ್ತಿರುವುದಿಲ್ಲ. ತಿಂಗಳು ತಿಂಗಳು ಜಿಎಸ್‌ಟಿ ತುಂಬುವವರಿಗೆ 11ನೇ ತಾರೀಕಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಹೋಗಬೇಕು, 20ಕ್ಕೆ ತೆರಿಗೆ ಲೆಕ್ಕದ 3ಬಿ. ನೀವು 9ಕ್ಕೆ ಹೋಗಿ ಕೂತರೆ ನಿಮ್ಮ ಮುಖ ನೋಡಲೂ ಯಾರಿಗೂ ಪುರುಸೊತ್ತಿಲ್ಲ. ಝೆರಾಕ್ಸ್ ತೆಗೆಸುತ್ತಾರೆ, ಚಹಾ ಹೇಳಿ ಬಾ ಅನ್ನುತ್ತಾರೆ, ಸಂಜೆ ಮಗು ಮುಖ ಸಣ್ಣ ಮಾಡಿಕೊಂಡು ಮನೆಗೆ ಬರುತ್ತದೆ. 22ರ ನಂತರ ಹೋಗಿ, ಅದೇ ಮನುಷ್ಯ ಪಕ್ಕದಲ್ಲಿ ಕುರ್ಚಿ ಎಳೆದು ಕೂರಿಸಿ ಹೇಳಿಕೊಡುತ್ತಾನೆ.

ಹೋಗುವ ಮೊದಲು ಕಲಿಯಬೇಕಾದದ್ದು ಮನೆಯಲ್ಲೇ ಇದೆ. ಅಪ್ಪನ ಅಂಗಡಿಯದೋ ಹೋಟೆಲಿನದೋ ನಾಲ್ಕು ಖರೀದಿ ಬಿಲ್ಲು ತೆಗೆದುಕೊಂಡು ಕೂತುಕೊಳ್ಳಿ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ. ಮೊದಲ ಎರಡು ಅಂಕಿ ರಾಜ್ಯದ್ದು: ಮಹಾರಾಷ್ಟ್ರ 27, ಕರ್ನಾಟಕ 29. ನಂತರದ ಹತ್ತು ಪ್ಯಾನ್ ನಂಬರು. 29ರ ವ್ಯಾಪಾರಿ 27ರಲ್ಲಿರುವ ಅಂಗಡಿಗೆ ಕಾಫಿಪುಡಿ ಕಳಿಸಿದರೆ ಬಿಲ್ಲಿನಲ್ಲಿ ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆ, ಇರಬೇಕು. ಇಲ್ಲೇ ಮಹಾರಾಷ್ಟ್ರದ ವಾಶಿ ಮಾರ್ಕೆಟ್ಟಿನಿಂದ ಬಂದರೆ ಕೇಂದ್ರದ್ದು ಸಿಜಿಎಸ್‌ಟಿ, ರಾಜ್ಯದ್ದು ಎಸ್‌ಜಿಎಸ್‌ಟಿ ಅಂತ ಎರಡು ಭಾಗ. ಇಷ್ಟನ್ನು ತಡವರಿಸದೆ ಹೇಳುವ ಹುಡುಗಿಯನ್ನು ಮೊದಲ ವಾರವೇ ಬಿಲ್ಲು ತಾಳೆ ನೋಡಲು ಕೂರಿಸುತ್ತಾರೆ. ರೆಸ್ಯೂಮೆಯಲ್ಲಿ ‘ಅಡ್ವಾನ್ಸ್ಡ್ ಎಕ್ಸೆಲ್’ ಅಂತ ಬರೆದು ಪಿವಟ್ ಟೇಬಲ್ ಅಂದರೆ ಕಣ್ಣು ಬಿಡುವವರ ಕಥೆ ಬೇಡ ಬಿಡಿ.

ಇನ್ನು ಕೇಳುವ ವಿಷಯ. ಅಪ್ಪಂದಿರು ಫೋನ್ ಮಾಡಿ ಪರಿಚಯ ಹೇಳಿದರೆ ಸಾಕು, ಮುಂದಿನದನ್ನು ಮಕ್ಕಳೇ ಬರೆಯಲಿ. “ನಮಸ್ಕಾರ ಅಂಕಲ್, ಅವಕಾಶ ಕೊಟ್ಟದ್ದಕ್ಕೆ ಥ್ಯಾಂಕ್ಸ್. ಯಾವ ಕೆಲಸ, ಯಾರ ಕೈಕೆಳಗೆ, ಎಷ್ಟರಿಂದ ಎಷ್ಟರವರೆಗೆ, ಸ್ಟೈಪೆಂಡ್ ಏನಾದರೂ ಇದೆಯಾ ಅಂತ ಒಂದು ಮೇಲ್ ಹಾಕಿದರೆ ಕಾಲೇಜಿಗೆ ತೋರಿಸಬಹುದು.” ಇದರಲ್ಲಿ ಅಧಿಕಪ್ರಸಂಗ ಏನಿದೆ? ಹೊಸ ಶಿಕ್ಷಣ ನೀತಿ ಬಂದ ಮೇಲೆ ಪದವಿಯಲ್ಲೇ ಓಜೆಟಿ (ಆನ್ ಜಾಬ್ ಟ್ರೇನಿಂಗ್, ಕೆಲಸದ ಜಾಗದಲ್ಲೇ ತರಬೇತಿ) ಅಂತ ಕ್ರೆಡಿಟ್ ಇಟ್ಟಿದ್ದಾರೆ, ಕಾಲೇಜಿನವರು ಹೇಗೂ ಪತ್ರ ಕೇಳುತ್ತಾರೆ. ನಮ್ಮವರಲ್ಲಿ ಆಫೀಸು ನಡೆಸುವ ಎಷ್ಟೋ ಮಂದಿ ಸಂತೋಷದಿಂದ ಕೊಡುತ್ತಾರೆ. “ಪರಿಚಯದವರ ನಡುವೆ ಕಾಗದ ಎಂತದಕ್ಕೆ?” ಅನ್ನುವವರ ಹತ್ತಿರ ಮಾತ್ರ ನನಗೆ ತಕರಾರು. ಪರಿಚಯದವರಿಗೆ ಬರೆದುಕೊಡುವುದಕ್ಕೇನು ಕಷ್ಟ? ಸೇರಿಸಿಕೊಳ್ಳಲು ರಿಜಿಸ್ಟ್ರೇಷನ್ ಫೀ ಕೇಳುವವರಂತೂ ಇಂಟರ್ನ್‌ಶಿಪ್ ಕೊಡುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾರೆ. ನಂಬರು ಬ್ಲಾಕ್ ಮಾಡಿ.

ಅದೇ ಗ್ರೂಪುಗಳಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಫಾರ್ವರ್ಡೂ ಓಡಾಡುತ್ತಿರುತ್ತದೆ, ಕಾಲೇಜು ಮಕ್ಕಳಿಗೆಲ್ಲ ದುಡ್ಡು ಸಿಗುತ್ತದೆ ಅನ್ನುವ ಹಾಗೆ. 2024ರಲ್ಲಿ ಶುರುವಾದಾಗ ಅದರ ನಿಯಮ 21ರಿಂದ 24 ವಯಸ್ಸಿನವರಿಗೆ, ಅದೂ ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆ ಅಂತ ಇತ್ತು. ಎರಡನೇ ವರ್ಷದ ಹುಡುಗಿಗೆ ಅದನ್ನು ಕಳಿಸಿ ಆಸೆ ಹುಟ್ಟಿಸುವ ಮೊದಲು ಈಗಿನ ನಿಯಮ ಏನಿದೆ ಅಂತ ಪೋರ್ಟಲ್‌ನಲ್ಲಿ ಒಮ್ಮೆ ನೋಡಿ.

ಕೊನೆಗೆ ನಮ್ಮವರಿಗೇ ಇರುವ ಒಂದು ಕಿರಿಕಿರಿ. ಇಲ್ಲಿನ ಮಾರ್ಕ್ಸ್‌ಶೀಟಿನಲ್ಲಿ ಮೊದಲು ಅಡ್ಡಹೆಸರು, ಆಮೇಲೆ ನಮ್ಮ ಹೆಸರು, ಆಮೇಲೆ ಅಪ್ಪನದು, ಅಮ್ಮನದು. ಊರಲ್ಲಿ ಮಾಡಿಸಿದ ಆಧಾರಿನಲ್ಲಿ ಇನಿಷಿಯಲ್ಲು. ಪ್ಯಾನಿನಲ್ಲಿ ಮೂರನೆಯದೇ ಒಂದು ಅವತಾರ. ಸ್ಟೈಪೆಂಡಿಗೆ ಅಂತ ಖಾತೆ ತೆರೆಯಲು ಹೋದರೆ ಬ್ಯಾಂಕಿನವರು ಅಲ್ಲೇ ತಡೆಯುತ್ತಾರೆ. ರಜೆ ಶುರುವಾಗುವ ಮೊದಲೇ ಇವನ್ನೆಲ್ಲ ಒಂದು ಮಾಡಿಸಿಡಿ. ಸ್ಟೈಪೆಂಡ್ ಎಷ್ಟೇ ಬರಲಿ, ಖಾತೆ ಮಗಳ ಹೆಸರಲ್ಲೇ ಇರಲಿ, ಅಪ್ಪನ ಖಾತೆಗೆ ಹಾಕಿ ಅನ್ನಬೇಡಿ.