ಸೆನ್ಸಿಬಲ್ ಸೊಸೆ, ಸೆನ್ಸಿಟಿವ್ ಮಗ

ಮದುವೆ ಬಯೋಡೇಟಾದಲ್ಲಿ ಗುಣ ಹೇಳುವ ಕೆಲಸವನ್ನು ನಾವು ಇಂಗ್ಲಿಷಿಗೆ ಬಿಟ್ಟುಕೊಟ್ಟು ಬಹಳ ಕಾಲವಾಯಿತು. ಗೋತ್ರ, ನಕ್ಷತ್ರ, ಪಾದ ಎಲ್ಲ ನಮ್ಮದೇ. ಹುಡುಗ ಹೇಗೆ ಅನ್ನುವ ಜಾಗ ಬಂತೋ, ಸಿಂಪಲ್, ಸಾಫ್ಟ್, ಸೆನ್ಸಿಟಿವ್ ಅಂತ ಶುರು. ಸೆನ್ಸಿಟಿವ್ ಅಂತ ಬರೆದ ಎಷ್ಟೋ ಜನರ ಮನಸ್ಸಿನಲ್ಲಿ ಇದ್ದದ್ದು ಸೆನ್ಸಿಬಲ್ ಅಂತ ನನ್ನ ಗುಮಾನಿ.

ಒಂದು ಬೇಗ ಮನಸ್ಸಿಗೆ ಹಚ್ಚಿಕೊಳ್ಳುವ ಗುಣ, ಇನ್ನೊಂದು ವಿವೇಕ; ಎರಡಕ್ಕೂ ಬೇರು ಒಂದೇ. ವ್ಯತ್ಯಾಸ ಗೊತ್ತಾಗುವುದು ಒಂದೇ ಸೂರಿನಡಿ ಬಾಳುವಾಗ. ಸಾರಿಗೆ ಉಪ್ಪು ಒಂಚೂರು ಜಾಸ್ತಿ ಆಗಿದೆ ಅನ್ನಿ. ಸೆನ್ಸಿಬಲ್ ಮನುಷ್ಯರು ಅರ್ಧ ಲೋಟ ಬಿಸಿನೀರು ಸುರಿದು ಇನ್ನೊಂದು ಕುದಿ ಬರಿಸುತ್ತಾರೆ. ಸೆನ್ಸಿಟಿವ್ ಮನುಷ್ಯರು "ಹೋದ ಸಲ ನಿಮ್ಮಕ್ಕ ಬಂದಾಗ್ಲೂ ಎಲ್ಲರ ಮುಂದೆ ಹೀಗೇ ಅಂದ್ರಿ" ಅಂತ ಶುರು ಮಾಡಿ, ಮದುವೆಯ ದಿನದ ಬೀಗರೂಟದವರೆಗೆ ಹಿಂದಕ್ಕೆ ಹೋಗಿ, ಕೊನೆಗೆ ರಾತ್ರಿ ನನಗೆ ಊಟವೇ ಬೇಡ ಅನ್ನುವಲ್ಲಿಗೆ ತಂದು ನಿಲ್ಲಿಸುತ್ತಾರೆ. ಹಾಗಂತ ಸೆನ್ಸಿಟಿವ್ ಅನ್ನುವುದು ಬೈಗುಳ ಅಲ್ಲ. ಬಂದವರ ಮುಖ ನೋಡಿಯೇ ಇವರು ಹಸಿದಿದ್ದಾರೆ ಅಂತ ತಿಳಿದು ತಟ್ಟೆ ಹಾಕುವವರೂ ಇವರೇ. ಸೆನ್ಸಿಬಲ್ ಮಂದಿ "ಊಟ ಆಯ್ತಾ?" ಅಂತ ಕೇಳುತ್ತಾರೆ, "ಆಯ್ತು" ಅಂದರೆ ನಂಬಿಬಿಡುತ್ತಾರೆ!

ಇಂಗ್ಲಿಷಿನವರೇ ಇದನ್ನು ಸಾಕಷ್ಟು ಗೋಜಲು ಮಾಡಿಟ್ಟಿದ್ದಾರೆ. ಜೇನ್ ಆಸ್ಟಿನ್ 1811ರಲ್ಲಿ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಅಂತ ಕಾದಂಬರಿ ತಂದರಲ್ಲ, ಅದರಲ್ಲಿ ವಿವೇಕ ಅಕ್ಕನ ಪಾಲು, ಸೆನ್ಸಿಬಿಲಿಟಿ ತಂಗಿಯ ಪಾಲು. ಅಂದರೆ ಅಳು, ಮೋಹ, ಮಳೆಯಲ್ಲಿ ಓಡಾಟ. ಈಗಿನ ಸೆನ್ಸಿಬಲ್ಲಿಗೆ ತದ್ವಿರುದ್ಧ. ಹೋಮ್ಲಿಯ ಕಥೆ ಇನ್ನೂ ಮಜವಾಗಿದೆ. ನಮ್ಮಲ್ಲಿ ಹೋಮ್ಲಿ ಹುಡುಗಿ ಅಂದರೆ ಮನೆಗೆ ಹೊಂದಿಕೊಂಡು ಹೋಗುವವಳು. ಅಮೆರಿಕದಲ್ಲಿ ಹಾಗಂದರೆ ನೋಡಲು ಅಷ್ಟಕ್ಕಷ್ಟೇ ಅಂತ. ಅಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿಗೆ ಇಲ್ಲಿಂದ ಯಾರಾದರೂ ಪ್ರೀತಿಯಿಂದ "ನೀನು ತುಂಬಾ ಹೋಮ್ಲಿ ಕಣಮ್ಮ" ಅಂದರೆ ಸಂಬಂಧ ಅಲ್ಲಿಗೇ ಮುಗಿಯಿತು.

ಆದರೆ ಅರ್ಥ ಚೆನ್ನಾಗಿ ಗೊತ್ತಿದ್ದವರೂ ಪದ ಅದಲುಬದಲು ಮಾಡುತ್ತಾರಲ್ಲ, ನನಗೆ ಅದರಲ್ಲೇ ಆಸಕ್ತಿ ಜಾಸ್ತಿ. ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1948ರಲ್ಲಿ ಬಿಬಿಸಿಯ 'ಬ್ರೇನ್ಸ್ ಟ್ರಸ್ಟ್' ಕಾರ್ಯಕ್ರಮದಲ್ಲಿ ಇದಕ್ಕೊಂದು ವ್ಯಾಕರಣವನ್ನೇ ಕೊಟ್ಟರು: ನಾನು ದೃಢ, ನೀನು ಹಠಮಾರಿ, ಅವನು ಶುದ್ಧ ಮೊಂಡ. ಗುಣ ಒಂದೇ, ಉತ್ತಮ ಪುರುಷದಿಂದ ಪ್ರಥಮ ಪುರುಷಕ್ಕೆ ಬರುವಷ್ಟರಲ್ಲಿ ಮರ್ಯಾದೆ ಹೋಗಿರುತ್ತದೆ. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಕಲಿಸಬೇಕಾಗಿಲ್ಲ. ದುಡ್ಡು ಬಿಚ್ಚದವನು ಮಗನಾದರೆ ಎಕನಾಮಿಕಲ್, ಅಳಿಯನಾದರೆ ಕ್ಯಾಲ್ಕುಲೇಟಿವ್, ಬೀಗರಾದರೆ ಇಂಗ್ಲಿಷೇ ಬೇಡ, ಜಿಪುಣ. ಮಾತು ಕಡಿಮೆ ಆಡುವ ನಮ್ಮ ಹುಡುಗ ರಿಸರ್ವ್ಡ್, ಪಕ್ಕದ ಮನೆಯವನು ಪ್ರೌಡ್. ಮಗುವಿನಂಥ ಮುಗ್ಧತೆಯ ಚೈಲ್ಡ್‌ಲೈಕಿಗೂ ಹುಡುಗಾಟದ ಚೈಲ್ಡಿಷ್‌ಗೂ ಅಷ್ಟೇ ದೂರ. ಗಂಡ ಮೊದಲನೆಯದರಿಂದ ಎರಡನೆಯದಕ್ಕೆ ಜಾರುವುದಕ್ಕೆ ಒಂದು ಕ್ರಿಕೆಟ್ ಮ್ಯಾಚ್ ಸೋತರೆ ಸಾಕು.

ಇನ್ನು ಮಗಳು ಅತ್ತೆಗೆ ಎದುರುತ್ತರ ಕೊಟ್ಟಳು ಅಂತ ಸುದ್ದಿ ಬಂದರೆ, ನಮ್ಮ ಹುಡುಗಿ ಬೋಲ್ಡ್ ಬಿಡಿ ಅಂತೀವಿ. ಅದೇ ಮಾತನ್ನು ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತು ಅಂದರೆ ಆರೊಗೆಂಟ್. ಆ ಮಗಳನ್ನು ಅವಳ ಅತ್ತೆ ಮನೆಯಲ್ಲಿ ಏನಂತಾರೆ ಅಂತ ಬೇರೆ ಹೇಳಬೇಕಾ?