ಪತ್ತನಾಜೆಗೆ ಮೊದಲು ಒಂದು ಭಾನುವಾರ ಕೊಡಿ

ಮಾರಾಯ್ರೆ, ಮಳೆಗಾಲಕ್ಕೆ ಇನ್ನು ಜಾಸ್ತಿ ದಿನ ಇಲ್ಲ. ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಯಕ್ಷಗಾನ ಮೇಳದವರು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆ ಯಾವಾಗ ಬೇಕಾದರೂ ಹಿಡಿದುಕೊಳ್ಳಬಹುದು. ಅದಕ್ಕೆ ಮೊದಲು ನಿಮ್ಮ ಗೇಟಿನ ಎದುರು ಮಳೆನೀರು ಹರಿಯುವ ತೋಡನ್ನು ಒಮ್ಮೆ ಬಗ್ಗಿ ನೋಡಿ.

ಕಳೆದ ಭಾನುವಾರ ಮಂಗಳೂರು ಬಿಜೈಯ ನಮ್ಮ ಅಡ್ಡರಸ್ತೆಯಲ್ಲಿ ಐದು ಮನೆಯವರು ಸೇರಿ ನೋಡಿದೆವು. ಮೋರಿಯ ಬಾಯಿಗೆ ಅಡ್ಡವಾಗಿ ಒಂದು ಬೊಂಡದ (ಎಳನೀರಿನ) ಚಿಪ್ಪು ಕೂತಿತ್ತು, ಅದಕ್ಕೆ ಹಾಲಿನ ಪ್ಲಾಸ್ಟಿಕ್ ತೊಟ್ಟೆಗಳು ಸಿಕ್ಕಿಕೊಂಡಿದ್ದವು, ತೊಟ್ಟೆಗಳ ಹಿಂದೆ ಮಾವಿನ ಎಲೆ, ಮರಳು, ಯಾರದೋ ಮನೆ ಸಮಾರಂಭದ ಪ್ಲೇಟುಗಳು. ಹಾರೆ ಹಾಕಿ ಎಳೆದಾಗ ಇಡೀ ಗಂಟೇ ಕಿತ್ತು ಬಂತು. ಒಂದೂವರೆ ಗಂಟೆಯಲ್ಲಿ ಏಳು ಗೋಣಿ ಕಸ. ಪಕ್ಕದ ಮನೆ ಅಕ್ಕ ಎರಡು ಬಕೆಟ್ ನೀರು ಹೊಯ್ದು, ಅದು ಮೋರಿಯ ಆಚೆ ಬದಿಗೆ ಬರುವವರೆಗೂ ಬಗ್ಗಿಯೇ ನಿಂತಿದ್ದರು.

"ಟ್ಯಾಕ್ಸ್ ಕಟ್ತೇವೆ, ಪಾಲಿಕೆಯವರು ಮಾಡಲಿ" ಅನ್ನುವವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಹೂಳು ತೆಗೆಯುವುದು, ಚಪ್ಪಡಿ ಎತ್ತುವುದು ಅವರದೇ ಕೆಲಸ, ಕೇಳಲೇಬೇಕು. ಆದರೆ ಆ ಚಿಪ್ಪು ಎಸೆದದ್ದು ನಮ್ಮಲ್ಲೇ ಒಬ್ಬರು ಅಲ್ವಾ? ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಬೈಯುವ ನಾವೇ ರಾತ್ರಿ ಸ್ಕೂಟರಿನಿಂದ ತೊಟ್ಟೆ ಬಿಸಾಡಿ ಹೋಗುತ್ತೇವೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡೆ ಮಳೆಗೆ ಜಾರಿ ಪಕ್ಕದ ಮಂದಾರದವರ ಮನೆ, ತೆಂಗು, ಅಡಿಕೆ ತೋಟಗಳ ಮೇಲೆ ಬಂತು. ಅದು ಇಡೀ ಊರಿನ ಕಸ. ನಮ್ಮ ಅಡುಗೆಮನೆಯದ್ದೂ ಅದರಲ್ಲಿತ್ತು ಅಂತ ನೆನೆದರೆ ಈಗಲೂ ಸಂಕಟ ಆಗುತ್ತದೆ.

ಒಂದು ದಿನ ಗುಡಿಸಿ ಫೋಟೋ ಹಾಕಿದರೆ ಮಾತ್ರ ಸಾಲದು. ರಾಮಕೃಷ್ಣ ಮಿಷನ್‌ನವರು 2015ರಿಂದ ವರ್ಷಗಟ್ಟಲೆ ಭಾನುವಾರ ಬೆಳಿಗ್ಗೆ ಪೊರಕೆ ಹಿಡಿದು ಬೀದಿಗೆ ಇಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಬಿಡದೆ ಮಾಡಿದ್ದೇ ಅವರ ದೊಡ್ಡ ಕೆಲಸ ಅಂತ ನನಗನಿಸುತ್ತದೆ. ಕಸ ಇದ್ದಲ್ಲಿಗೇ ಕಸ ಬೀಳುವುದು. ಅದಕ್ಕೇ ನಮ್ಮ ರಸ್ತೆಯ ಮೂಲೆಯಲ್ಲಿ ಈಗ ನಾಲ್ಕು ದಾಸವಾಳದ ಚಟ್ಟಿ ಇಟ್ಟಿದ್ದೇವೆ. ಎರಡು ರಾತ್ರಿ ಅಲ್ಲಿಯೂ ತೊಟ್ಟೆ ಬಿತ್ತು, ಬೆಳಕು ಹರಿಯುವ ಮೊದಲೇ ತೆಗೆದೆವು. ಮೂರನೇ ರಾತ್ರಿ ಬೀಳಲಿಲ್ಲ.

ಬರುವ ಭಾನುವಾರ ಏಳು ಗಂಟೆಗೆ ತೋಡಿನ ಕೆಳಗಿನ ತುದಿಗೆ ಹೋಗುತ್ತೇವೆ. ಗಾಜಿನ ಚೂರು ತುಂಬಾ ಉಂಟು, ಕೈಗವಸು ಬೇಕೇ ಬೇಕು. ಹಾರೆ ಇದ್ದವರು ತನ್ನಿ, ಇಲ್ಲದವರು ಸುಮ್ನೆ ಬನ್ನಿ, ಗೋಣಿಯ ಬಾಯಿ ಹಿಡಿಯಲಿಕ್ಕೂ ಜನ ಬೇಕು. ಚಾ, ಗೋಳಿಬಜೆ ನಮ್ಮ ಮನೆಯಲ್ಲಿ.