ಎಂಜಲು ಬಿಯರ್

ನನ್ನ ಅಕ್ಕನ ಮಗ ಹೊರದೇಶದಲ್ಲಿದ್ದಾನೆ. ಮನೆಯಲ್ಲೇ ಬಿಯರ್ ಮಾಡುತ್ತಾನೆ. ನಮಗೆ ಕುಡಿಸಲಂತೂ ಆಗಲ್ಲ, ವಿಡಿಯೊ ಕಾಲ್‌ನಲ್ಲಿ ತೋರಿಸಿ ಹೊಟ್ಟೆ ಉರಿಸುತ್ತಾನೆ. ಹೋದ ಏಪ್ರಿಲಿನಲ್ಲಿ ನನಗೂ ಹುರುಪು ಬಂತು. ಆದರೆ ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವ ಹಾಗಿಲ್ಲ. ನಾನು ಮೊದಲೇ ಪುಕ್ಕಲ. ಹಾಗಾಗಿ ಶುಂಠಿ ಬಿಯರ್ ಅಂತ ತೀರ್ಮಾನವಾಯಿತು. ಹೆಸರಲ್ಲಿ ಬಿಯರ್ ಇದೆ, ದಾವಣಗೆರೆಯ ಸಂಸಾರಸ್ಥನಿಗೆ ಅಷ್ಟು ಸಾಕು. ಅವ್ವನಿಗೆ ಮಾತ್ರ ಶುಂಠಿ ಕಷಾಯ ಅಂದಿದ್ದೆ.

ಮಾಡೋದು ಕಷ್ಟವಲ್ಲ. ಶುಂಠಿ ಸಿಪ್ಪೆಯಲ್ಲೇ ಯೀಸ್ಟ್ ಇರುತ್ತದೆ. ದಿನಾ ಒಂದೊಂದು ಚಮಚ ತುರಿದ ಶುಂಠಿ, ಸಕ್ಕರೆ ನೀರಿಗೆ ಹಾಕುತ್ತಾ ಬಂದರೆ ಐದಾರು ದಿನದಲ್ಲಿ ಗುಳ್ಳೆ ಏಳುತ್ತದೆ. ಅದನ್ನು ಹತ್ತು ಲೀಟರ್ ಸಿಹಿ ಶುಂಠಿ ನೀರಿಗೆ ಸೇರಿಸಿದೆ. ಮಾರನೇ ದಿನಕ್ಕೇ ಬೆಣ್ಣೆ ದೋಸೆ ಹಿಟ್ಟಿನ ಹಾಗೆ ಉಕ್ಕಿತು. 'ನಮ್ಮ ಏಲ್ ಬಿಯರಿಗೆ 20 ಡಿಗ್ರಿ ಸುತ್ತಮುತ್ತ ಇರಬೇಕು ಮಾಮ' ಅಂದ ಹುಡುಗ. ಏಪ್ರಿಲಿನಲ್ಲಿ ಇಲ್ಲಿ 20 ಡಿಗ್ರಿ ಬೇಕಂದ್ರೆ ಫ್ರಿಜ್ಜಿನೊಳಗೆ ಸಂಸಾರ ಹೂಡಬೇಕು.

ಮುಂದಿನದು ವರ್ಗಾವಣೆ. ತಳದ ಗಸಿ ಬಿಟ್ಟು ಮೇಲಿನ ತಿಳಿಯನ್ನು ಇನ್ನೊಂದು ಕ್ಯಾನಿಗೆ ಇಳಿಸಬೇಕು. ನೌಕರಿಯಲ್ಲಿ ಐದು ವರ್ಗಾವಣೆ ಕಂಡವನು ನಾನು. ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಎಲ್ಲಾ ನೀರು ಕುಡಿದಿದ್ದೇನೆ. ಅವೆಲ್ಲ ಇದಕ್ಕಿಂತ ಸಲೀಸಾಗಿದ್ದವು.

ಹುಡುಗನ ಷರತ್ತುಗಳು ಒಂದೆರಡಲ್ಲ. ಸುರಿಯಬಾರದು, ಪೈಪಿನಲ್ಲಿ ಮೆಲ್ಲಗೆ ಇಳಿಸಬೇಕು. ಗಾಳಿ ಬೆರೆತರೆ ಬಿಯರಿಗೆ ಒದ್ದೆ ರಟ್ಟಿನ ರುಚಿ ಬರುತ್ತದಂತೆ. ಗಾಳಿಯ ಜೊತೆ ವಿನೆಗರ್ ಬ್ಯಾಕ್ಟೀರಿಯಾ ಸೇರಿಕೊಂಡರೆ ಎಲ್ಲಾ ಹುಳಿ. ಮುಟ್ಟುವ ಪ್ರತಿಯೊಂದು ಸಾಮಾನೂ ಶುದ್ಧವಾಗಿರಬೇಕು. ಪಕ್ಕದಲ್ಲಿ ಕೂತಿದ್ದ ಅವ್ವ, 'ಇಷ್ಟೇ ತಾನೆ, ಉಪ್ಪಿನಕಾಯಿ ಮಡಿ' ಅಂದಳು. ಅವಳ ಜಾಡಿಗೆ ಒದ್ದೆ ಸೌಟು ಹಾಕಿ ನಾನು ಬೈಸಿಕೊಂಡಿದ್ದಕ್ಕೆ ಲೆಕ್ಕವೇ ಇಲ್ಲ.

ಮಡಿ ಅಂದಮೇಲೆ ಬಿಸಿನೀರು. ಹೊಸ ಪ್ಲಾಸ್ಟಿಕ್ ಕ್ಯಾನಿಗೆ ಕುದಿಯುವ ನೀರು ಸುರಿದೆ. ಅದು ಕಣ್ಣೆದುರೇ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗಾಗಿ ಕುಗ್ಗಿತು. ಆ ಜಾತಿಯ ಪ್ಲಾಸ್ಟಿಕ್ 70 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ನೂರೈವತ್ತು ರೂಪಾಯಿ ಹೋಯಿತು. ಸ್ಟೀಲ್ ಹಾಲಿನ ಕ್ಯಾನ್ ತೆಗೆದುಕೊಂಡೆ.

ಪೈಪಿಗೆ ಮಂಡಿಪೇಟೆಗೆ ಹೋದೆ. ಮೇಸ್ತ್ರಿಗಳು ಲೆವೆಲ್ ನೋಡುವ ಪಾರದರ್ಶಕ ಪೈಪ್ ಇದೆಯಲ್ಲ, ಅದು. ಒಂದೂವರೆ ಮೀಟರ್ ಸಾಕಿತ್ತು. ಅಂಗಡಿಯವನು ಐದು ಮೀಟರಿಗೆ ಕಡಿಮೆ ಕತ್ತರಿಸಲ್ಲ ಅಂದ. 'ಎಷ್ಟು ಅಂತಸ್ತು ಸರ್?' ಅಂತ ಬೇರೆ ಕೇಳಿದ.

ಭಾನುವಾರ ಬೆಳಗ್ಗೆ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ಕೆಲಸ ಶುರು ಮಾಡಿದೆ. ಬಿಯರ್ ಕಟ್ಟೆ ಮೇಲೆ, ಖಾಲಿ ಕ್ಯಾನ್ ನೆಲದ ಮೇಲೆ. ಪೈಪಿನ ತುಂಬ ಕುದಿಸಿ ಆರಿಸಿದ ನೀರು ತುಂಬಿಕೊಂಡು, ಎರಡೂ ತುದಿಗೆ ಹೆಬ್ಬೆರಳು ಒತ್ತಿ, ಒಂದು ತುದಿ ಬಿಯರಿನಲ್ಲಿ ಮುಳುಗಿಸಿ, ಇನ್ನೊಂದನ್ನು ಕೆಳಗೆ ಬಿಡಬೇಕು. ಆದರೆ ಐದು ಮೀಟರ್ ಪೈಪ್ ಹಾವಿನ ಹಾಗೆ ಸುತ್ತಿಕೊಂಡಿತ್ತು. ನೀರೆಲ್ಲ ನನ್ನ ಲುಂಗಿಗೆ ಹೋಯಿತು. ಎರಡನೇ ಸಲವೂ ಲುಂಗಿಗೇ.

ಸೀಮೆಎಣ್ಣೆ ಡ್ರಮ್ಮಿನ ಕಾಲದಲ್ಲಿ ಬೆಳೆದವನು ನಾನು. ಕೈ ತಾನಾಗಿಯೇ ಪೈಪನ್ನು ಬಾಯಿಗೆ ತಂದಿತು. ಒಂದೇ ಎಳೆತ. ಬಿಯರ್ ಸರ್ರನೆ ಬಂತು.

'ಮಾಮಾ! ಬಾಯಲ್ಲಿ ಎಷ್ಟು ಬ್ಯಾಕ್ಟೀರಿಯಾ ಇರುತ್ತೆ ಗೊತ್ತಾ!' ಅಂತ ಫೋನ್ ಕಿರುಚಿತು.

'ಎಂಜಲು ಮಾಡಿಬಿಟ್ಯೇನೋ!' ಅಂತ ಹಿಂದಿನಿಂದ ಅವ್ವ ಕಿರುಚಿದಳು.

ಅಜ್ಜಿ ಮೊಮ್ಮಗ ಯಾವ ವಿಷಯಕ್ಕೂ ಒಪ್ಪಿದವರಲ್ಲ. ಅವತ್ತು ಒಪ್ಪಿದರು. ಯಾರಿಗೆ ಉತ್ತರ ಕೊಡಲಿ ಅಂತ ನಾನು ತಿರುಗುವಷ್ಟರಲ್ಲಿ ಪೈಪು ಕ್ಯಾನಿನಿಂದ ಹಾರಿ ನೆಲಕ್ಕೆ ಬಿತ್ತು. ಮೇಲಿನ ತುದಿ ಎತ್ತಿದರೆ ನಿಲ್ಲುತ್ತದೆ ಅನ್ನೋದು ಹೊಳೆಯುವ ಹೊತ್ತಿಗೆ ಮೂರು ಲೀಟರ್ ಬಿಯರ್ ಗ್ಯಾಸ್ ಸಿಲಿಂಡರಿನ ಕೆಳಗೆ ಸೇರಿತ್ತು. ಹೆಂಡತಿ ದುಗ್ಗಮ್ಮನ ಗುಡಿಯಿಂದ ಬಂದವಳು ಬಾಗಿಲಲ್ಲೇ ನಿಂತಳು. ಏನೂ ಅನ್ನಲಿಲ್ಲ, ಅದೇ ಭಯ. ಇರುವೆಗಳು ಮಾತ್ರ ಒಂದು ವಾರ ಜಾತ್ರೆ ಮಾಡಿದವು.

ಉಳಿದದ್ದನ್ನು ಮುಚ್ಚಿಟ್ಟೆ. ಹದಿನೈದು ದಿನ ಬಿಟ್ಟು ತೆಗೆದರೆ ಮೇಲೆ ಬಿಳಿ ಪೊರೆ, ಒಳಗೆ ಮೂಗಿಗೆ ಹೊಡೆಯುವ ಹುಳಿ ವಾಸನೆ. ಹುಡುಗನಿಗೆ ತೋರಿಸಿದೆ. ನೋಡಿ ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, 'ಮಾಮ, ಈಗೀಗ ನಮ್ಮಲ್ಲಿ ಸುಮಾರು ಜನ ಎರಡನೇ ಕ್ಯಾನಿಗೆ ಹಾಕೋದನ್ನೇ ಬಿಟ್ಟಿದ್ದಾರೆ. ಒಂದರಲ್ಲೇ ಮುಗಿಸ್ತಾರೆ. ಇಳಿಸೋವಾಗ ಗಾಳಿ ಸೇರೋ ರಿಸ್ಕ್ ಜಾಸ್ತಿ, ಅಲ್ವಾ?' ಅಂದ.

ನಾನು ಫೋನ್ ಇಟ್ಟೆ. ಚೆಲ್ಲೋಣ ಅಂತ ಹಿತ್ತಲಿಗೆ ಹೋದರೆ ಅವ್ವ ಕ್ಯಾನ್ ಕಿತ್ತುಕೊಂಡಳು. ದೇವರ ಮನೆಯ ಹಿತ್ತಾಳೆ ದೀಪಗಳನ್ನೆಲ್ಲ ತಂದು ಅದರಲ್ಲೇ ನೆನೆಹಾಕಿ ತಿಕ್ಕಿದಳು. ಹುಣಸೆಹಣ್ಣಿಗಿಂತ ಚೆನ್ನಾಗಿ ಹೊಳೆದವು. ಎಂಜಲಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.